ಗೀರಿನ ಸುತ್ತಲ ಬಣ್ಣ

"ಬುದ್ಧಿ, ಕೋಪ ಹೋಗಬೇಕಾದರೆ ಯಾವ ದಾರಿ ಹಿಡಿಯಲಿ?" ಎಂದು ಸಿದ್ಧಮಲ್ಲ ಗುರುಗಳನ್ನು ಕೇಳಿದ.

ಸಿದ್ಧಮಲ್ಲ ಮಠದಲ್ಲಿ ಊಟ ಬಡಿಸುವ ಶಿಷ್ಯ. ಹಿಂದಿನ ದಿನ ಪಂಕ್ತಿಯಲ್ಲಿ ಮುದುಕಿಯೊಬ್ಬಳು ಮೂರನೆಯ ಸಲ ಸಾರು ಕೇಳಿದ್ದಕ್ಕೆ ಗದರಿಬಿಟ್ಟಿದ್ದ. ಅವಳು ಎಲೆ ಮಡಚಿ ಎದ್ದುಹೋಗಿದ್ದಳು.

"ಒಂದು ವರ್ಷ ಮೌನ ಹಿಡಿದರೆ ಒಂದೇ ಏಟಿಗೆ ಮುಗಿಯುತ್ತದೆ. ದಿನಾ ಸ್ವಲ್ಪಸ್ವಲ್ಪ ತಿದ್ದಿಕೊಳ್ಳುವುದಾದರೆ ಯಾವ ಕಾಲಕ್ಕೋ. ಎರಡರಲ್ಲಿ ಒಂದು ಹೇಳಿಬಿಡಿ. ಮೌನವೇ ಅಂದರೆ ನಾಳೆಯಿಂದಲೇ ಶುರು."

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಕಾರುಗಳಿಗೆ ಪಾಲಿಶ್ ಮಾಡುವವನೊಬ್ಬನಿದ್ದ. ಹತ್ತು ವರ್ಷ ಬೇರೆಯವರ ಶೆಡ್ಡಿನಲ್ಲಿ ದುಡಿದು, ಕೊನೆಗೆ ತನ್ನದೇ ಶೆಡ್ ಹಾಕಿದ. ಸ್ವಂತ ಮಿಷನ್ ಬೇಕಾಯಿತು. ಅಂಗಡಿಯವನು ಎರಡನ್ನು ಮುಂದಿಟ್ಟು ಓಡಿಸಿ ತೋರಿಸಿದ. ಮೊದಲನೆಯದರ ಬಿಲ್ಲೆ ಗಿರಗಿರನೆ ಒಂದೇ ಸಮ ಸುತ್ತುತ್ತಿತ್ತು. ಎರಡನೆಯದರ ಬಿಲ್ಲೆ ಸುತ್ತುತ್ತಲೇ ಅತ್ತಿತ್ತ ಓಲಾಡುತ್ತಿತ್ತು.

"ಮೊದಲನೇದು ಗಂಟೆಯಲ್ಲಿ ಕೆಲಸ ಮುಗಿಸುತ್ತೆ. ಆದರೆ ಒಂದೇ ಕಡೆ ನಿಂತರೆ ಬಿಸಿಯೇರುತ್ತೆ, ಕೈ ಮೈಮರೆತರೆ ಬಣ್ಣ ಸುಡುತ್ತೆ. ಈ ಓಲಾಡೋದು ಸುಡಲ್ಲ. ದಿನವೆಲ್ಲ ಹಿಡಿಯುತ್ತೆ, ಅಷ್ಟೇ."

"ಇದು ಹತ್ತು ವರ್ಷದ ಕೈ ಕಣಣ್ಣ. ಓಲಾಡೋದನ್ನ ಕಲಿಯೋರಿಗೆ ಕೊಡು."

"ಹಾಗಂದೋರು ನಿನಗಿಂತ ಮುಂಚೆ ಬಹಳ ಜನ ಬಂದುಹೋಗಿದ್ದಾರೆ. ಎರಡನ್ನೂ ಒಯ್ದು ನೋಡು. ಬೇಡದ್ದನ್ನ ವಾಪಸ್ ತಾ."

ಆ ವಾರವೇ ಒಬ್ಬ ಹೆಂಗಸು ಕಾರು ತಂದಳು. ಹದಿನೈದು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದವಳು. ಅವಳಿಗೆ ಇದ್ದದ್ದು ಅದೊಂದೇ ಕಾರು. ಊರಿನ ಅರ್ಧ ಜನ ಅದರಲ್ಲೇ ಕಲಿತವರಾದ್ದರಿಂದ ಅದರ ಮೈಮೇಲಿನ ಗೀರುಗಳೂ ಊರಿನ ಅರ್ಧ ಜನರವೇ. ಈಗ ಅವಳ ಸ್ಕೂಲಿನ ಎದುರಿಗೇ ಮೂರು ಹೊಸ ಕಾರು ಇಟ್ಟುಕೊಂಡು ಇನ್ನೊಂದು ಸ್ಕೂಲ್ ಬಂದಿತ್ತು. ಸೋಮವಾರದಿಂದ ಬೇಸಿಗೆ ರಜೆಯ ತರಗತಿಗಳು. ಆಗಲೂ ಯಾರೂ ಸೇರದಿದ್ದರೆ ಅವಳು ಬಾಗಿಲು ಹಾಕಬೇಕಾಗಿತ್ತು.

"ಒಂದು ಗೀರೂ ಕಾಣಬಾರದಪ್ಪ. ಕಾರು ನೋಡಿಯೇ ಜನ ಆಚೆ ಕಡೆಗೆ ಹೋಗ್ತಿದ್ದಾರೆ" ಎಂದಳು.

ಅವನು ಮೊದಲನೆಯ ಮಿಷನ್ ಹಿಡಿದ. ಸಂಜೆಯೊಳಗೆ ಬಾನೆಟ್ಟಿನಲ್ಲಿ ಮುಖ ಕಾಣುವಂತಾಯಿತು. ಮಾರನೆಯ ಬೆಳಿಗ್ಗೆ ಕಾರನ್ನು ಶೆಡ್ಡಿನಿಂದ ಬಿಸಿಲಿಗೆ ತಂದರೆ, ಬಾನೆಟ್ಟಿನ ತುಂಬ ಬಿಲ್ಲೆ ಬಿಟ್ಟ, ಬಲೆಯಂಥ ಸಣ್ಣ ಸಣ್ಣ ಸುತ್ತುಗಳು.

"ಇದೇನಪ್ಪ, ಜೇಡವನ್ನೂ ಸಾಕಿದ್ದೀಯಾ?" ಎಂದಳು ಹೆಂಗಸು.

ಅವನು ಎರಡನೆಯ ಮಿಷನ್ ತೆಗೆದ. ಎರಡು ದಿನ ಹಿಡಿಯಿತು. ಸುತ್ತುಗಳು ಹೋದವು, ಚಿಕ್ಕ ಗೀರುಗಳೂ ಹೋದವು. ಎಡಬಾಗಿಲಿನ ಮೇಲೆ, ಹಿಡಿಯಿಂದ ಅಂಚಿನವರೆಗಿನ ಒಂದು ಉದ್ದನೆಯ ಗೀರು ಮಾತ್ರ ಹೋಗಲಿಲ್ಲ.

"ಆ ಜೋರಿನ ಮಿಷನ್ನಲ್ಲಿ ಇನ್ನೊಂದು ಸಲ ಪಾಲಿಶ್ ಹಚ್ಚಿಬಿಡು. ಗೀರು ಮುಚ್ಚಿಹೋಗಲಿ" ಎಂದಳು.

"ಪಾಲಿಶ್ ಅಂದರೆ ಹಚ್ಚೋದಲ್ಲಕ್ಕ, ತೆಗೆಯೋದು. ಗೀರು ಮುಚ್ಚಲ್ಲ. ಅದು ಎಷ್ಟು ಆಳಕ್ಕಿದೆಯೋ, ಸುತ್ತಲ ಒಳ್ಳೇ ಬಣ್ಣವನ್ನೂ ತೇದು ಅಷ್ಟು ಕೆಳಗಿಳಿಸಬೇಕು. ಆಗ ಗೀರು ಇಲ್ಲ ಅಂತ ಕಾಣುತ್ತೆ."

"ಮತ್ತೆ ನಾನು ಪ್ರತಿ ಆಯುಧಪೂಜೆಗೂ ಹಚ್ಚಿಸಿಕೊಂಡು ಬಂದೆನಲ್ಲ?"

"ಪ್ರತಿ ಆಯುಧಪೂಜೆಗೂ ಒಂದಿಷ್ಟು ತೆಗೆಸಿಕೊಂಡು ಬಂದಿದ್ದೀರಿ."

ಆದರೂ ಹೆಂಗಸು, "ಇನ್ನೊಂದೇ ಸಲ" ಎಂದಳು.

ಆಗದು ಎನ್ನಬೇಕೆಂದು ಅವನಿಗೆ ಗೊತ್ತಿತ್ತು. ಆದರೆ ಕೈಯ ಮೇಲೆ ಅಭಿಮಾನವೂ ಇತ್ತು. ಮೊದಲನೆಯ ಮಿಷನ್ ಎತ್ತಿಕೊಂಡ. ಗೀರು ಅರ್ಧದಷ್ಟು ತೆಳುವಾಯಿತು. ಇನ್ನು ಚೂರೇ ಚೂರು ಎಂದು ಒತ್ತಿದ. ಬಾಗಿಲಿನ ಅಂಚಿನಲ್ಲಿ ಹುಣಿಸೆ ಬೀಜದಷ್ಟು ಜಾಗ ಬೂದಿಬಣ್ಣವಾಗಿ ಕಂಡಿತು. ಅಲ್ಲಿ ಬಣ್ಣ ಮುಗಿದು ತಳದ ಪ್ರೈಮರ್ ಬಂದಿತ್ತು. ಗೀರು ಇನ್ನೂ ಅಲ್ಲೇ ಇತ್ತು.

ಅವನು ಮಿಷನ್ ನಿಲ್ಲಿಸಿದ. ಬಾಗಿಲಿಗೆ ಹೊಸದಾಗಿ ಬಣ್ಣ ಹೊಡೆಯಲು ನಾಲ್ಕು ದಿನ ಬೇಕು, ಸೋಮವಾರಕ್ಕೆ ಉಳಿದಿದ್ದದ್ದು ಒಂದೇ ದಿನ. ಸಣ್ಣ ಕುಂಚದಿಂದ ಆ ಬೂದಿ ಚುಕ್ಕೆಯನ್ನು ತುಂಬಿ, "ತಪ್ಪಾಯಿತಕ್ಕ" ಎಂದ.

"ಒತ್ತಿದ್ದು ನೀನು, ಒತ್ತಿಸಿದ್ದು ನಾನು" ಎಂದು ಅವಳು ಕಾರು ತೆಗೆದುಕೊಂಡು ಹೋದಳು.

ಸೋಮವಾರ ಹೊಲಿಗೆ ಕೆಲಸದ ಹೆಂಗಸೊಬ್ಬಳು ಎದುರಿನ ಸ್ಕೂಲಿನ ಮುಂದೆ ಬಹಳ ಹೊತ್ತು ನಿಂತಿದ್ದು, ರಸ್ತೆ ದಾಟಿ ಈಚೆ ಬದಿಗೆ ಬಂದಳು. ಕಾರು ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಅವಳು ಗೀರಿನ ಮೇಲೆ ಬೆರಳಾಡಿಸಿ, "ಇದು ಯಾರ ಕೆಲಸ ಮೇಡಂ?" ಎಂದು ಕೇಳಿದಳು.

"ನಿಮ್ಮ ಹಾಗೇ ಕಲಿಯೋಕೆ ಬಂದಿದ್ದೋರದು. ಗೇಟಿಗೆ ತಗುಲಿಸಿ ಅತ್ತುಬಿಟ್ಟಿದ್ದರು. ಈಗ ಆಂಬುಲೆನ್ಸ್ ಓಡಿಸ್ತಾರೆ."

"ಹಾಗಾದರೆ ನಾನೂ ಕೂರಬಹುದು. ಆ ಹೊಸ ಕಾರು ಮುಟ್ಟೋಕೇ ಭಯ ಆಯ್ತು."

ಅವಳು ಹೆಸರು ಬರೆಸಿದಳು. ಮಾರನೆಯ ದಿನ ನಾದಿನಿಯನ್ನೂ ಕರೆತಂದಳು. ಎದುರಿನ ಸ್ಕೂಲಿಗೂ ಜನ ಹೋದರು, ಇಲ್ಲಿಗೂ ಬಂದರು. ವಾರ ಕಳೆಯುವುದರೊಳಗೆ ಬೆಳಗಿನ ಹೊತ್ತೆಲ್ಲ ಭರ್ತಿಯಾಯಿತು. ಬಾಗಿಲು ಹಾಕುವ ಮಾತು ನಿಂತಿತು.

ಪಾಲಿಶಿನವನು ಮೊದಲನೆಯ ಮಿಷನ್ ಅನ್ನು ಅಂಗಡಿಗೆ ಒಯ್ದ.

"ಯಾಕೆ, ಸರಿಯಿಲ್ವಾ?" ಎಂದು ಅಂಗಡಿಯವನು ಕೇಳಿದ.

"ಮಿಷನ್ ಸರಿಯಾಗೇ ಇದೆ. ಇನ್ನೊಂದು ಸಲ ಅಂತ ಯಾರಾದರೂ ಅಂದರೆ ನಿಲ್ಲೋ ಕೈ ನನ್ನದಲ್ಲ. ನಿಲ್ಲೋದು ಕಲಿತ ದಿನ ಬಂದು ಒಯ್ತೀನಿ."

ಗುರುಗಳು ಕತೆ ಮುಗಿಸಿದರು.

"ಹಾಗಾದರೆ ದಿನಾ ಸ್ವಲ್ಪಸ್ವಲ್ಪವೇ" ಎಂದ ಸಿದ್ಧಮಲ್ಲ. ಮತ್ತೆ ತಡೆಯಲಾರದೆ, "ಆದರೂ ಬುದ್ಧಿ, ಈ ಹಾಳು ದನಿಯನ್ನು ಒಂದು ವರ್ಷ ಕಟ್ಟಿಹಾಕಿದ್ದರೆ ಕೋಪ ಬೇರುಸಮೇತ ಹೋಗುತ್ತಿತ್ತಲ್ಲ" ಎಂದ.

ಗುರುಗಳು ಕೇಳಿದರು: "ಆ ಮುದುಕಿಯನ್ನು ಮತ್ತೆ ಊಟಕ್ಕೆ ಕರೆಯುವುದಕ್ಕೆ ಬೇರೆ ದನಿ ಇಟ್ಟುಕೊಂಡಿದ್ದೀಯಾ?"