ಬಾನಾಡಿ ಕೊಂಬೆಯ ಮೇಲೆ ಕೂರುವುದನ್ನು ಬಿಟ್ಟದ್ದು

ಲೋಕ ಇನ್ನೂ ಹಸಿ ಮಡಕೆಯಂತಿದ್ದ ಕಾಲ, ಮಗಾ. ಕಡಲ ನಡುವೆ ಒಂದು ದ್ವೀಪ, ದ್ವೀಪದ ತುಂಬ ಕಾಡು, ಕಾಡಿನ ನಡುವೆ ಒಂದು ಹೊನ್ನೆಮರ. ಹಕ್ಕಿಗಳೆಲ್ಲ ಅದನ್ನು ಹೊನ್ನೆಜ್ಜಿ ಎನ್ನುತ್ತಿದ್ದವು. ಲೋಕವೇ ಹೊಸದು, ಮರ ಹೇಗೆ ಅಜ್ಜಿಯಾಯಿತು ಎಂದು ಕೇಳಬೇಡ. ಎಲ್ಲರಿಗಿಂತ ಮೊದಲು ಹುಟ್ಟಿದವಳೇ ಅಜ್ಜಿ.

ಅಲ್ಲಿ ಬಾನಾಡಿ ಎಂಬ ಪುಟ್ಟ ಹಕ್ಕಿಯೂ ಇತ್ತು. ಹೆಬ್ಬೆರಳಿನಷ್ಟು ಮೈ, ಕುಡುಗೋಲಿನಂತೆ ಬಾಗಿದ ರೆಕ್ಕೆ. ಆಗ ಅದೂ ಎಲ್ಲರಂತೆ ಕೊಂಬೆಯ ಮೇಲೆ ಕೂರುತ್ತಿತ್ತು.

ಒಮ್ಮೆ ಕಾಡನ್ನೆಲ್ಲ ಕಿತ್ತು ಕಡಲಿಗೆ ಎಸೆಯುವ ಬಿರುಗಾಳಿ ಬಂತು. ಹಕ್ಕಿಗಳೆಲ್ಲ ಹೊನ್ನೆಜ್ಜಿಯ ಎಲೆಗಳೊಳಗೆ ಅಡಗಿದವು. ಅಜ್ಜಿ ಎಲೆ ಕಳೆದುಕೊಂಡಳು, ಕೊಂಬೆ ಕಳೆದುಕೊಂಡಳು. ಒಂದು ಹಕ್ಕಿಯನ್ನೂ ಕಳೆದುಕೊಳ್ಳಲಿಲ್ಲ.

ಗಾಳಿ ನಿಂತದ್ದೇ ತಡ, ಹಕ್ಕಿಗಳು ಗೂಡು ಕಟ್ಟಲು ಅವಳ ಅಳಿದುಳಿದ ಕಡ್ಡಿಗಳನ್ನೇ ಮುರಿಯತೊಡಗಿದವು. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ಇವು ಎಣಿಸಲೂ ಇಲ್ಲ, ಕಿತ್ತುಕೊಂಡೇ ಹೋದವು.

ಕೊನೆಗೆ ಬಾನಾಡಿ ಬಂತು. ಅದು ಇವತ್ತೋ ನಾಳೆಯೋ ಮೊಟ್ಟೆ ಇಡಬೇಕಿತ್ತು.

“ಒಂದೇ ಕಡ್ಡಿ ಉಳಿದಿದೆ, ಮಗಾ. ಮುರ್ಕೊಂಡು ಹೋಗು,” ಅಂದಳು ಅಜ್ಜಿ.

ಕಡ್ಡಿಯ ತುದಿಯಲ್ಲಿ ಒಂದು ಚಿಗುರು ಆಗಷ್ಟೇ ಕಣ್ಣು ಬಿಡುತ್ತಿತ್ತು. ಬಾನಾಡಿ ಕೊಕ್ಕು ಹಿಂದೆ ತೆಗೆಯಿತು.

“ಇದನ್ನೂ ಮುರಿದ್ರೆ ನೀನು ಒಣಗಿ ಹೋಗ್ತಿ ಅಜ್ಜಿ. ನಂಗೆ ಬೇಡ.”

“ಮತ್ತೆ ಮೊಟ್ಟೆ ಎಲ್ಲಿ ಇಡ್ತಿ?”

“ನೋಡ್ತೇನೆ,” ಅಂದು ಹಾರಿತು. ಎಲ್ಲಿ ನೋಡಿದರೂ ಒಂದು ಹುಲ್ಲೆಳೆಯೂ ಇರಲಿಲ್ಲ.

ಕಡಲ ಬದಿಯ ಗವಿಗೆ ಹೋಯಿತು. “ನನ್ನ ಹತ್ರ ನಾರಿಲ್ಲ, ಕಡ್ಡಿಯಿಲ್ಲ. ಬರೀ ಗೋಡೆ ಇದೆ, ಕೂಸೇ,” ಅಂದಿತು ಬಂಡೆ.

ಬಾನಾಡಿಯ ಬಳಿ ಇದ್ದದ್ದಾದರೂ ಏನು? ಬಾಯಿಯ ಎಂಜಲು. ಅದನ್ನೇ ಗೋಡೆಗೆ ಹಚ್ಚಿತು. ಹಚ್ಚಿದ್ದು ಒಣಗಿ ಅಂಟಿಕೊಂಡಿತು. ಮತ್ತೆ ಹಚ್ಚಿತು, ಮತ್ತೆ ಒಣಗಿತು. ಗಂಟಲು ಆರಿದರೂ ಬಿಡಲಿಲ್ಲ. ಕೊನೆಗೆ ಚಿಪ್ಪಿನಷ್ಟು ಪುಟ್ಟ ಬಟ್ಟಲಾಯಿತು. ಮೊಟ್ಟೆ ಅದರೊಳಗೆ ಬೆಚ್ಚಗೆ ಕೂತಿತು.

ಅತ್ತ ಚಿಗುರು ಎಲೆಯಾಯಿತು, ಕಡ್ಡಿ ಕೊಂಬೆಯಾಯಿತು, ಅಜ್ಜಿ ಮತ್ತೆ ಹಸಿರಾದಳು.

“ನೀನು ಬಿಟ್ಟ ಚಿಗುರಿನಿಂದ ಬದುಕಿದೆ. ಬಾ ಮಗಾ, ಕೂತ್ಕೋ,” ಎಂದು ಕರೆದಳು.

“ನಮ್ಮನ್ನೆಲ್ಲ ಹೊತ್ತು ದಣಿದಿದ್ದಿ. ನೀನು ಸುಧಾರಿಸ್ಕೋ ಅಜ್ಜಿ,” ಅಂದಿತು ಬಾನಾಡಿ. ಕೂರಲಿಲ್ಲ. ಅವಳಿಗೆ ಮುತ್ತಿದ ಹುಳುಗಳನ್ನು ಹಾರುತ್ತಲೇ ಹಿಡಿದು ನುಂಗಿತು. ಕೂರದೆ ಕೂರದೆ ಅದರ ಕಾಲು ಮೊಟಕಾಯಿತು. ಅದಕ್ಕೆ ಬೇಸರವೇನೂ ಇಲ್ಲ.

ಇವತ್ತಿಗೂ ನೋಡು, ಸಂಜೆಯ ಹೊತ್ತು ಬಾನಾಡಿ ಮರವನ್ನು ಸುತ್ತುತ್ತಲೇ ಇರುತ್ತದೆ, ಕೊಂಬೆಗೆ ಕಾಲು ಮಾತ್ರ ತಾಗಿಸುವುದಿಲ್ಲ. ಅಜ್ಜಿಯ ದಣಿವು ಇನ್ನೂ ಆರಿಲ್ಲ ಎಂದೇ ಅದು ತಿಳಿದಿದೆ.