ಯವನನ ಹೆಸರು

"ಗುರುಗಳೇ, ಒಬ್ಬನ ಹೆಸರಿನ ಅರ್ಥ ತಿಳಿದರೆ ಅವನನ್ನೇ ತಿಳಿದ ಹಾಗಲ್ಲವೇ?" ಎಂದು ಶಿಷ್ಯ ಕೇಳಿದ. ವ್ಯಾಕರಣ ಓದಿಕೊಂಡು ಬಂದವನು. ಮಠಕ್ಕೆ ಯಾರೇ ಬರಲಿ, ನೀರು ಕೊಡುವ ಮೊದಲೇ ಅವರ ಹೆಸರನ್ನು ಬಿಡಿಸಿ ಅರ್ಥ ಹೇಳುವ ಚಪಲ ಅವನಿಗೆ.

ಗುರುಗಳು ನಕ್ಕು, "ಕುಳಿತುಕೋ," ಎಂದು ಈ ಕತೆ ಹೇಳಿದರು.

ಮೆಣಸು ಒಯ್ಯಲು ಬಂದ ಹಡಗಿನಲ್ಲಿ ಗ್ರೀಸ್ ದೇಶದ ನಾವಿಕನೊಬ್ಬನಿದ್ದ. ನಮ್ಮವರ ಮಾತಿನಲ್ಲಿ ಯವನ. ಕರಾವಳಿಯ ರೇವಿನಲ್ಲಿ ಇಳಿದವನೇ ಜ್ವರ ಬಂದು ಮಲಗಿದ. ಗಾಳಿ ತಿರುಗಿತು, ಹಡಗು ಅವನನ್ನು ಬಿಟ್ಟು ಹೋಯಿತು. ಯವನರ ಹಡಗು ಮತ್ತೆ ಆ ರೇವಿಗೆ ಬರಲಿಲ್ಲ.

ಊರವರು ಕೆಟ್ಟವರಲ್ಲ. ಗಂಜಿ ಕೊಟ್ಟರು, ಹಗ್ಗ ಹೊಸೆಯುವ ಕೆಲಸ ಕೊಟ್ಟರು, ಹೆಸರು ಕೇಳಿದರು.

"ಥಿಯೋದೋರೋಸ್," ಎಂದ ಅವನು.

ಯಾರ ನಾಲಿಗೆಯೂ ಹೊರಳಲಿಲ್ಲ. ಅರ್ಥ ಹೇಳಿದರೆ ನೆನಪಿಟ್ಟುಕೊಂಡಾರು ಎಂದು ಅವನು ಕಷ್ಟಪಟ್ಟು ಬಿಡಿಸಿ ಹೇಳಿದ. ಅವನ ನುಡಿಯಲ್ಲಿ ಥಿಯೋಸ್ ಎಂದರೆ ದೇವರು, ದೋರೋನ್ ಎಂದರೆ ಕೊಡುಗೆ. ಒಂಬತ್ತು ವರ್ಷ ಮಕ್ಕಳಿಲ್ಲದೆ ಹರಕೆ ಹೊತ್ತ ತಾಯಿ ಅವೆರಡನ್ನೂ ಕೂಡಿಸಿ ಅವನನ್ನು ಕರೆದಿದ್ದಳು.

"ಅಯ್ಯೋ, ಇಷ್ಟೆಯಾ? ನಮ್ಮಲ್ಲೂ ಉಂಟಲ್ಲ ಮಾರಾಯ, ದೇವದತ್ತ!" ಎಂದರು ಊರವರು.

ಅಂದಿನಿಂದ ಅವನು ದೇವದತ್ತ. ಅರ್ಥವನ್ನು ಇಟ್ಟುಕೊಂಡು ಹೆಸರನ್ನು ಸಿಪ್ಪೆಯ ಹಾಗೆ ಎಸೆದರಲ್ಲ ಎಂದು ಅವನಿಗೆ ನೋವಾಯಿತು. ಆದರೆ ಅನ್ನ ಕೊಟ್ಟವರ ಮುಂದೆ ಏನೆಂದು ದೂರುವುದು? ದೇವದತ್ತ ಎಂದು ಯಾರಾದರೂ ಕೂಗಿದರೆ ತಿರುಗಿ ನೋಡುತ್ತಿದ್ದ, ಒಂದು ಗಳಿಗೆ ತಡವಾಗಿ.

ಮುಂದೆ ಹಗ್ಗ ಹೊಸೆಯುವವನ ಮಗಳನ್ನು ಮದುವೆಯಾದ. ಮನೆಯೊಳಗಾದರೂ ಒಂದು ಬಾಯಿ ತನ್ನನ್ನು ಹೆಸರು ಹಿಡಿದು ಕರೆದೀತು ಎಂಬ ಆಸೆ. ಅಕ್ಷರ ಅಕ್ಷರವಾಗಿ ಹೇಳಿಕೊಟ್ಟ. ಅವಳು ಕಿವಿಗೊಟ್ಟು ಕೇಳಿದಳು, ತುಟಿ ಬಿಚ್ಚಲಿಲ್ಲ. ಹೆಂಡತಿಯಾದವಳು ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂಬುದು ಆ ಊರಿನ ನಂಬಿಕೆ. ದೇವದತ್ತ ಎಂದು ಕೂಡ ಅವಳು ಅನ್ನಲಿಲ್ಲ. "ಇಲ್ಲಿ ಕೇಳಿ" ಎನ್ನುತ್ತಿದ್ದಳು, ಅಷ್ಟೆ.

ಮೂವತ್ತು ವರ್ಷ ಹೀಗೆ ಸಂದವು. ಮನೆ ತುಂಬ ಮಕ್ಕಳಿದ್ದರೂ ಅವನು ಒಂಟಿಯಾಗಿದ್ದ. ಒಮ್ಮೊಮ್ಮೆ ನಡುಮಧ್ಯಾಹ್ನ ಕಡಲ ಕಡೆಗೆ ಮುಖ ಮಾಡಿ ತನ್ನ ಹೆಸರನ್ನು ತಾನೇ ಕೂಗಿಕೊಳ್ಳುತ್ತಿದ್ದ. ತಾಯಿ ಯಾವ ಅಕ್ಷರವನ್ನು ಎಳೆದು ಕರೆಯುತ್ತಿದ್ದಳು ಎಂಬುದು ಅವನಿಗೆ ಮರೆತುಹೋಗಿತ್ತು.

ಕೊನೆಗೆ ಹಾಸಿಗೆ ಹಿಡಿದ. "ಒಂದೇ ಒಂದು ಸಲ ಕರೆಯೇ," ಎಂದು ಹೆಂಡತಿಯ ಕೈ ಹಿಡಿದು ಬೇಡಿದ.

"ನೀವು ಬದುಕಬೇಕು. ಅದೊಂದು ಕೇಳಬೇಡಿ," ಎಂದು ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಅವನು ಮೂರು ದಿನ ಅವಳ ಮುಖವನ್ನೇ ನೋಡುತ್ತ ಕಾದ. ಹಾಗೇ ತೀರಿಕೊಂಡ.

ಹೆಣ ಹೊತ್ತು ಹೋದವರ ಸದ್ದು ಅಡಗಿದ ಮೇಲೆ ಅವಳು ಬಾಗಿಲು ಹಾಕಿಕೊಂಡು ಬರಿದಾದ ಚಾಪೆಯ ಮುಂದೆ ಕುಳಿತಳು. ಇನ್ನು ಕಡಿಮೆಯಾಗಲು ಆಯುಸ್ಸು ಉಳಿದಿರಲಿಲ್ಲ. ಒಂದಕ್ಷರವೂ ತಪ್ಪದ ಹಾಗೆ ಆ ಹೆಸರನ್ನು ಹಿಡಿದು ಕರೆದಳು. ಮೂವತ್ತು ವರ್ಷವೂ ಅವಳು ಅದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಬಂದಿದ್ದಳು.

ಗುರುಗಳು ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, "ಅದಕ್ಕೆ ಏನರ್ಥವೆಂದು ಅವಳಿಗಾದರೂ ತಿಳಿದಿತ್ತೇ?" ಎಂದ.

"ಅರ್ಥ ಊರಿಗೆಲ್ಲ ತಿಳಿದಿತ್ತಪ್ಪಾ, ಓಗೊಡಲು ಅವನಿರಲಿಲ್ಲ."