ಕನ್ನಡಿ ಉಜ್ಜಿದ ಮೇಷ್ಟ್ರು

“ತಪ್ಪು ಕಂಡ ಕೂಡಲೇ ತಿದ್ದಬೇಕಲ್ಲವೇ, ಗುರುಗಳೇ?”

ಗುರುಬಸವ ಚಪ್ಪಲಿ ಮೆಟ್ಟಿಕೊಂಡೇ ಕೇಳಿದ. ಹೆಗಲಲ್ಲಿ ಚೀಲವಿತ್ತು. ಊರಿನಲ್ಲಿ ಅವನ ತಮ್ಮ ಯಾರಿಗೂ ಹೇಳದೆ ಮದುವೆ ನಿಶ್ಚಯ ಮಾಡಿಕೊಂಡಿದ್ದಾನೆಂಬ ಸುದ್ದಿ ಆಗಷ್ಟೇ ಬಂದಿತ್ತು.

“ಹೋಗಿ ಏನು ಮಾಡುತ್ತೀ?”

“ನಾಲ್ಕು ಮಾತು ಹೇಳಿ ಬರುತ್ತೇನೆ.”

“ಕೂತುಕೋ.”

“ಬಸ್ಸು ಬರುವ ಹೊತ್ತಾಯಿತು.”

“ಅದರ ಹಿಂದೆ ಇನ್ನೊಂದು ಬರುತ್ತದೆ.”

ಗುರುಬಸವ ಜಗಲಿಯ ಅಂಚಿನಲ್ಲಿ ಕೂತ. ಚೀಲ ಇಳಿಸಲಿಲ್ಲ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟ್ರು ಇದ್ದ. ಅವನನ್ನು ಸಾಕಿದವಳು ಸೋದರತ್ತೆ. ಅವಳು ಬದುಕಿಡೀ ಶನಿಗೆ ಹೆದರಿದವಳು, ವಾರ ತಪ್ಪದೆ ಎಳ್ಳೆಣ್ಣೆ ದೀಪ ಹಚ್ಚಿದವಳು. ಮುಪ್ಪಿನಲ್ಲಿ ಅವಳ ಕಣ್ಣು ಮಂಜಾಯಿತು. ಇರುವ ದೃಷ್ಟಿಯೂ ಹೆಚ್ಚು ಕಾಲ ಉಳಿಯದು ಎಂದರು ಡಾಕ್ಟರು. ಅತ್ತೆ ಅಳಲಿಲ್ಲ.

“ಇಷ್ಟು ವರ್ಷ ಕಾಡಿದವನು. ಕಣ್ಣು ಹೋಗುವ ಮೊದಲು ಅವನ ಮುಖ ಒಮ್ಮೆ ನೋಡಬೇಕಲ್ಲೋ,” ಎಂದಳು.

ಮೇಷ್ಟ್ರು ತೋರಿಸುತ್ತೇನೆ ಎಂದ. ತನ್ನ ಕೈಯಾರೆ ದೂರದರ್ಶಕ ಮಾಡಿ ತೋರಿಸುತ್ತೇನೆ ಎಂದ.

ಆಗ ದೂರದರ್ಶಕ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಬೇಕಾದವರು ದಪ್ಪ ಗಾಜಿನ ಎರಡು ಬಿಲ್ಲೆ ತಂದು, ಒಂದರ ಮೇಲೊಂದಿಟ್ಟು, ನಡುವೆ ಮರಳಿನಂಥ ಪುಡಿ ಹಾಕಿ, ನೀರು ಚಿಮುಕಿಸಿ ಉಜ್ಜುತ್ತಿದ್ದರು. ತಿಂಗಳುಗಟ್ಟಲೆ ಉಜ್ಜಿದರೆ ಮೇಲಿನ ಗಾಜು ತಟ್ಟೆಯಂತೆ ತಗ್ಗಾಗುತ್ತಿತ್ತು. ಅದೇ ದೂರದರ್ಶಕದ ಕನ್ನಡಿ. ಪಕ್ಕದ ಮನೆಯ ಕಂಪೌಂಡರನಿಗೂ ಆಸೆ ಹುಟ್ಟಿತು. ಇಬ್ಬರೂ ಹಿತ್ತಲಿನಲ್ಲಿ ಒಂದೊಂದು ಡ್ರಮ್ಮು ನಿಲ್ಲಿಸಿ, ಅದರ ಸುತ್ತ ನಡೆಯುತ್ತಾ ಉಜ್ಜುತ್ತಿದ್ದರು. ದಾರಿಹೋಕರು ಬೇಲಿಯಾಚೆ ನಿಂತು, “ಹಿಟ್ಟು ನುಣ್ಣಗಾಯಿತೇ ಮೇಷ್ಟ್ರೇ? ನಾಳೆ ದೋಸೆಗೆ ಬರುತ್ತೇವೆ,” ಎನ್ನುತ್ತಿದ್ದರು. “ಬರುವಾಗ ಎಲೆ ನೀವೇ ತನ್ನಿ,” ಎಂದು ಅತ್ತೆ ಒಳಗಿನಿಂದ ಕೂಗುತ್ತಿದ್ದಳು. ಗಾಜಿನ ಸದ್ದು ಕೇಳುತ್ತಾ ಅಕ್ಕಿ ಆರಿಸುತ್ತಿದ್ದಳು. ಮೇಷ್ಟ್ರು ಮುಂದೆ ಎಷ್ಟೋ ಕನ್ನಡಿ ಉಜ್ಜಿದ. ಅಂಥ ಸಂಜೆಗಳು ಮತ್ತೆ ಬರಲಿಲ್ಲ.

ಕೊನೆಯ ಕೆಲಸ ಹೊಳಪು ಕೊಡುವುದು, ಉಬ್ಬುತಗ್ಗು ತಿದ್ದುವುದು. ಕತ್ತಲು ಕೋಣೆಯಲ್ಲಿ ಸಣ್ಣ ದೀಪವಿಟ್ಟು, ಬ್ಲೇಡಿನ ಅಂಚಿನ ಪಕ್ಕದಿಂದ ನೋಡಿದರೆ, ಕೈಗೆ ಸಿಗದ ಉಬ್ಬೂ ಗಾಜಿನ ಮೇಲೆ ನೆರಳಾಗಿ ಕಾಣುತ್ತದೆ. ಆದರೆ ಉಜ್ಜಿದ ಗಾಜನ್ನು ಒಂದು ರಾತ್ರಿ ಬಿಟ್ಟು ಆಮೇಲೆ ನೋಡಬೇಕು. ಕಲಿಸಿದವರು ಹಾಗೆಂದಿದ್ದರು.

ಮೇಷ್ಟ್ರಿಗೆ ಬಿಡಲು ಪುರುಸೊತ್ತಿರಲಿಲ್ಲ. ಶನಿ ದಿನೇ ದಿನೇ ಪಡುವಣಕ್ಕೆ ಇಳಿಯುತ್ತಿದ್ದ. ಇನ್ನು ಸ್ವಲ್ಪ ದಿನಕ್ಕೆ ಸೂರ್ಯನ ಬೆಳಕಿನಲ್ಲಿ ಮರೆಯಾಗುತ್ತಾನೆ. ಹಿಂದೆಯೇ ಮಳೆಗಾಲ. ಮತ್ತೆ ಕಾಣುವುದು ದೀಪಾವಳಿ ಕಳೆದ ಮೇಲೆ. ಅಷ್ಟರವರೆಗೆ ಅತ್ತೆಯ ಕಣ್ಣು ಉಳಿಯಬೇಕಲ್ಲ.

ಕಂಪೌಂಡರ್ ಒಂದಿಷ್ಟು ಹೊತ್ತು ಉಜ್ಜಿ, ಗಾಜಿಗೆ ಬಟ್ಟೆ ಮುಚ್ಚಿ, ರೇಡಿಯೋ ಕೇಳಲು ಹೋಗುತ್ತಿದ್ದ. ಮೇಷ್ಟ್ರು ಅವನನ್ನು ಸೋಮಾರಿ ಎಂದು ಬೈಯುತ್ತಿದ್ದ. ತಾನು ಉಜ್ಜಿದ ಗಾಜನ್ನು ಹಾಗೆಯೇ ಎತ್ತಿ ದೀಪದ ಮುಂದೆ ಇಡುತ್ತಿದ್ದ. ನಡುವೆ ಉಬ್ಬು ಕಾಣುತ್ತಿತ್ತು. ಕೂಡಲೇ ಉಜ್ಜಿ ಇಳಿಸುತ್ತಿದ್ದ. ಬೆಳಿಗ್ಗೆ ನೋಡಿದರೆ ಅದೇ ಜಾಗದಲ್ಲಿ ಗುಂಡಿ. ಗುಂಡಿ ಹೋಗುವಂತೆ ಸುತ್ತಲೂ ಉಜ್ಜಿದರೆ ಸಂಜೆಗೆ ಮತ್ತೆ ಉಬ್ಬು.

“ಈ ಗಾಜಿಗೇ ಶನಿ ಹಿಡಿದಿದೆ,” ಎಂದ ಮೇಷ್ಟ್ರು.

“ನನ್ನನ್ನು ಬಿಟ್ಟು ನಿನ್ನ ಹತ್ತಿರ ಬಂದನೇ? ಸದ್ಯ,” ಎಂದಳು ಅತ್ತೆ.

ಕಂಪೌಂಡರನ ಕನ್ನಡಿ ಮೊದಲು ಮುಗಿಯಿತು. ಶನಿ ಮರೆಯಾಗುವ ಮುನ್ನ ಒಂದು ಸಂಜೆ ಅವನು ತನ್ನ ದೂರದರ್ಶಕವನ್ನು ಅತ್ತೆಯ ಅಂಗಳಕ್ಕೇ ಹೊತ್ತು ತಂದ. “ಬನ್ನಿ ಅಮ್ಮಾ, ಇವತ್ತು ಬಳೆ ತೊಟ್ಟು ನಿಂತಿದ್ದಾನೆ,” ಎಂದ.

ಅತ್ತೆ ಮೇಷ್ಟ್ರ ಮುಖ ನೋಡಿದಳು. “ನನ್ನ ಹುಡುಗ ಉಜ್ಜಿದ್ದರಲ್ಲೇ ನೋಡುತ್ತೇನಪ್ಪ. ಶನಿ ನನ್ನನ್ನು ಬಿಟ್ಟು ಎಲ್ಲಿಗೆ ಹೋಗುತ್ತಾನೆ?” ಎಂದು ಒಳಗೆ ಹೋದಳು.

ಕಂಪೌಂಡರ್ ಕತ್ತಲು ಕೋಣೆಗೆ ಬಂದು, ದೀಪದ ಮುಂದೆ ಇದ್ದ ಮೇಷ್ಟ್ರ ಗಾಜಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದ. ಕೈ ತೆಗೆದು, “ಈಗ ನೋಡು,” ಎಂದ. ಹೆಬ್ಬೆರಳಿದ್ದಲ್ಲಿ ಗುಡ್ಡ ಎದ್ದಿತ್ತು. ಮೇಷ್ಟ್ರು ನೋಡುತ್ತಲೇ ಇದ್ದ. ಗುಡ್ಡ ತಾನಾಗಿ ಕರಗಿತು.

“ನೀನು ಇಷ್ಟು ದಿನ ಉಜ್ಜಿದ್ದು ಇದನ್ನು. ಗಾಜಿನಲ್ಲಿ ಉಬ್ಬಿರಲಿಲ್ಲ. ಉಜ್ಜಿದ ಬಿಸಿ ಆರಿರಲಿಲ್ಲ, ಅಷ್ಟೇ.”

ಮೇಷ್ಟ್ರು ಮತ್ತೆ ಮೊದಲಿನಿಂದ ಉಜ್ಜಿದ. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದ. ಮಳೆಗಾಲ ಕಳೆಯುವಷ್ಟರಲ್ಲಿ ಕನ್ನಡಿ ಮುಗಿಯಿತು. ಚೆನ್ನಾಗಿತ್ತು. ದೀಪಾವಳಿ ಕಳೆದು ಶನಿ ಬಂದ. ಅತ್ತೆಗೆ ಆಗ ಹಚ್ಚಿದ ದೀಪವೂ ಕಾಣುತ್ತಿರಲಿಲ್ಲ. ಅವಳು ದೂರದರ್ಶಕದ ಕೊಳವೆ ಸವರಿ, “ಹೇಗಿದ್ದಾನೆ?” ಎಂದಳು.

ಮೇಷ್ಟ್ರು ಹೇಳಿದ. ಅವಳು ಕೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು.

“ನಿನ್ನ ಕೈಯ ಬಿಸಿ ಆರಿದ್ದರೆ ಹೊರಡು,” ಎಂದರು.

ಗುರುಬಸವ ಏಳಲಿಲ್ಲ. ಬಸ್ಸು ನಿಂತು ಹೋಯಿತು.